ಕಬ್ಬಿನ ಹಂಗಾಮಿನಲ್ಲಿ ಗೋಕಾಕದ ದಾರಿ

ಕಳೆದ ವಾರ ದಡ್ಡಿಯ ನನ್ನ ತವರಿನಿಂದ ಮಗಳೊಂದಿಗೆ ಕಾರಿನಲ್ಲಿ ಮರಳುತ್ತಿದ್ದೆ. ಹುಕ್ಕೇರಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಸಂಜೆಯ ಗಾಳಿ ಬರಲೆಂದು ಗಾಜು ಇಳಿಸಿದೆ. ಗಾಳಿಯ ಜೊತೆಗೆ ಕಾಕಂಬಿಯ ವಾಸನೆಯೂ ಒಳಗೆ ಬಂತು. ಬೆಲ್ಲ ಸೀದು ಹುಳಿಯಾದಂಥ ವಾಸನೆ ಅದು. ಹತ್ತಿರದಲ್ಲೆಲ್ಲೋ ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡಿದೆ ಎಂದು ಅರ್ಥ. ನನಗೇ ಗೊತ್ತಿಲ್ಲದೆ ನನ್ನ ಕಾಲು ಎಕ್ಸಿಲರೇಟರಿನಿಂದ ಮೇಲೆದ್ದಿತ್ತು.

“ಯಾಕವ್ವಾ, ಮುಂದ ಯಾರೂ ಇಲ್ಲಲ್ಲ?” ಎಂದಳು ಮಗಳು ಅಕ್ಷತಾ.

“ಹಂಗಾಮ ಚಾಲೂ ಆಗೇತಿ,” ಎಂದೆ. ಅವಳಿಗೆ ಅದು ಉತ್ತರವಾಗಿ ಕಾಣಲಿಲ್ಲ. ಮತ್ತೆ ಮೊಬೈಲಿನೊಳಗೆ ತಲೆ ಹಾಕಿದಳು. ನಾನು ಮಾತ್ರ ಮೂಡಲಗಿ ಮುಟ್ಟುವವರೆಗೂ ಅವಳು ಒಂದನೇ ಇಯತ್ತೆಯಲ್ಲಿದ್ದ ವರ್ಷದ ಚಳಿಗಾಲದಲ್ಲೇ ಇದ್ದೆ.

ಆ ವರ್ಷದ ದಸರೆಗೆ ಮೊದಲು ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ಗೋಕಾಕದ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕೆಂದು ಡಾಕ್ಟರು ಹೇಳಿದರು. ನಮ್ಮ ಮನೆ ಇರುವುದು ಮೂಡಲಗಿಯಿಂದ ಒಳಕ್ಕೆ, ಹೊಲದ ನಡುವೆ. ನನ್ನ ಗಂಡ ಮಿಲಿಟರಿಯಲ್ಲಿ ಲಾರಿ ನಡೆಸುವವರು. ಆಗ ಈಶಾನ್ಯದ ಗುಡ್ಡಗಳಲ್ಲಿ ಇದ್ದರು. ಮೊದಮೊದಲು ಮೈದುನ ಬಸವರಾಜನೇ ಮನೆಯ ಹಳೆಯ ಬಿಳಿ ಕಾರಿನಲ್ಲಿ ತಾಯಿಯನ್ನು ಕರೆದೊಯ್ಯುತ್ತಿದ್ದ. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ಶುರುವಾದವು. ಅವನು ಟ್ರ್ಯಾಕ್ಟರ್ ಏರಿದ. ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಹಗಲು ರಾತ್ರಿ ಕಾರ್ಖಾನೆಗೆ ಕಬ್ಬು ಸಾಗಿಸುವ ಕೆಲಸ ಅದು. ಹಂಗಾಮು ಮುಗಿಯುವವರೆಗೆ ಅವನು ಮನೆಗೆ ಬರುವುದು ಮೈ ತೊಳೆಯಲು, ಎರಡು ರೊಟ್ಟಿ ತಿನ್ನಲು ಮಾತ್ರ.

ಬಸ್ಸಿನಲ್ಲಿ ಹೋಗಿ ನೋಡಿದೆವು. ಮರಳುವಾಗ ಅತ್ತೆಯ ರಕ್ತದೊತ್ತಡ ಇಳಿದು, ಬಸ್ ನಿಲ್ದಾಣದ ಮೆಟ್ಟಿಲ ಮೇಲೆಯೇ ಕುಸಿದರು. ಅಂದು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗಲೇ ನಿರ್ಧಾರ ಮಾಡಿದೆ. ಡ್ರೈವಿಂಗ್ ಕಲಿಸುವವರ ಹತ್ತಿರ ಹೋಗಿ ಕ್ಲಚ್ಚು, ಗೇರು, ರಿವರ್ಸು ಕಲಿತೆ. ಲೈಸೆನ್ಸೂ ಕೈಗೆ ಬಂತು. ಆದರೆ ಅವರು ಕಲಿಸಿದ್ದು ಖಾಲಿ ಮೈದಾನದಲ್ಲಿ. ನನ್ನ ಮುಂದಿದ್ದದ್ದು ಹಂಗಾಮಿನ ರಸ್ತೆ.

ಆ ರಸ್ತೆಯನ್ನು ನೋಡದವರಿಗೆ ಹೇಳುವುದು ಕಷ್ಟ. ಗುರ್ಲಾಪುರ ಕ್ರಾಸಿನಿಂದ ಲೋಳಸೂರ ಸೇತುವೆಯವರೆಗೂ ಕಬ್ಬಿನ ಗಾಡಿಗಳ ಸಾಲು. ಒಂದೊಂದು ಟ್ರೇಲರಿನ ಮೇಲೂ ಮನೆಯಷ್ಟು ಎತ್ತರಕ್ಕೆ ಕಬ್ಬು. ಎರಡೂ ಬದಿಗೆ ಸೋಗೆ ಜೋತು ಬಿದ್ದು ಹಿಂದಿನ ದೀಪಗಳನ್ನು ಮುಚ್ಚಿಬಿಡುತ್ತದೆ. ಹಿಂದಿನ ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಆಡುತ್ತದೆ. ಚಾಲಕರು ಹಾಕಿಕೊಂಡ ಹಾಡಿನ ಅಬ್ಬರಕ್ಕೆ ನಮ್ಮ ಹಾರ್ನು ಅವರಿಗೆ ಕೇಳಿಸುವುದೇ ಇಲ್ಲ.

ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಹಣೆಗೂ ಹಚ್ಚಿ ಕಾರಿನಲ್ಲಿ ಕೂರುತ್ತಿದ್ದರು. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ವಿಪರೀತ ಚಳಿ. ಅದಕ್ಕೆ ಹೊದ್ದುಕೊಳ್ಳಲು ಒಂದು ಕೌದಿ ಯಾವಾಗಲೂ ಹಿಂದಿನ ಸೀಟಿನಲ್ಲಿ ಇರುತ್ತಿತ್ತು. ನನ್ನ ಅಂಗೈ ಬೆವರುತ್ತಿದ್ದುದರಿಂದ ಸ್ಟೇರಿಂಗು ಒರೆಸಲು ಒಂದು ಚೌಕ ಇಟ್ಟುಕೊಂಡಿದ್ದೆ.

ಮೊದಲ ವಾರದಲ್ಲಿಯೇ ಒಂದು ಘಟನೆ ನಡೆಯಿತು. ನಾಗನೂರಿನ ಹತ್ತಿರ ನಮ್ಮ ಎದುರಿನಿಂದ ಕಬ್ಬಿನ ಗಾಡಿ ಬರುತ್ತಿತ್ತು. ಅದು ನಮ್ಮನ್ನು ದಾಟುತ್ತಿದ್ದಂತೆಯೇ ಅದರ ಹಿಂದಿನಿಂದ ಇಬ್ಬರು ಸಾಲೆಯ ಮಕ್ಕಳು, ಅದರಿಂದ ಎಳೆದುಕೊಂಡ ಕಬ್ಬನ್ನು ಹಿಡಿದುಕೊಂಡು, ನಮ್ಮ ಕಡೆಗೆ ಓಡಿಬಂದರು. ಟ್ರೇಲರಿನ ಮರೆಯಲ್ಲಿ ಅವರು ಇರುವುದೇ ನನಗೆ ಗೊತ್ತಿರಲಿಲ್ಲ. ಹೊಸಬಳಾದ ಭಯಕ್ಕೆ ನಾನು ನಡಿಗೆಗಿಂತ ತುಸುವೇ ಹೆಚ್ಚಿನ ವೇಗದಲ್ಲಿದ್ದುದರಿಂದ, ಬ್ರೇಕ್ ಒತ್ತಿದ ಕೂಡಲೆ ಕಾರು ನಿಂತಿತು. ಮಕ್ಕಳು ನಗುತ್ತ ಆಚೆ ಓಡಿಹೋದರು. ಎಂಜಿನ್ ಬಂದಾಗಿತ್ತು. ಮತ್ತೆ ಚಾಲೂ ಮಾಡಲು ನನ್ನ ಬೆರಳುಗಳಿಗೆ ಕೀಲಿಯೇ ಸಿಗುತ್ತಿರಲಿಲ್ಲ.

ಅಂದು ಸಂಜೆ ಗಂಡನ ಫೋನ್ ಬಂದಾಗ ಅತ್ತುಬಿಟ್ಟೆ. “ನನ್ನ ಕೈಲಿ ಆಗೂದಿಲ್ಲರಿ,” ಎಂದೆ.

ಅವರು ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಅಂಜಿಕಿ ಇರಲಿ, ಅದು ಛಲೋನ. ಇಲ್ಲೆ ನಾವು ಗಾಡಿ ಹತ್ತೂಮುಂದ ಒಂದ ಮಾತ ಅಂದಕೋತೇವಿ. ಎದುರಿನಾಂವ ತಪ್ಪ ಮಾಡೇ ಮಾಡತಾನ. ಬಾಜೂದಾಂವ ನೋಡದ ತಿರಗತಾನ. ಮುಂದಿನಾಂವ ಹೇಳದ ನಿಂದರತಾನ. ಹಂಗ ತಿಳದ ಹೊಡಿ. ನಿನಗ ದಾರಿ ಐತಿ ಅಂತ ಹೋಗಬ್ಯಾಡ, ಅಂವ ಬಿಟ್ಟಾನೇನು ಅಂತ ನೋಡಿ ಹೋಗು. ಮುಂದಿನ ಗಾಡಿಗೂ ನಿನಗೂ ನಡುವ ಜಾಗಾ ಇರಬೇಕ ನೋಡು. ಆ ಜಾಗಾನ ನಿನ್ನ ಜೀವಾ.”

“ಎಷ್ಟ ಜಾಗಾರಿ?”

“ಮುಂದಿನ ಗಾಡಿ ಒಂದ ಗಿಡಾ ದಾಟಿದ ಮ್ಯಾಲ ಎಣಸಾಕ ಹತ್ತು…” ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಲೌಡ್‌ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಎಣಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ಅವರಿಗೆ ಒಂದು ಎರಡು ಎಂದು ಎಣಿಸುವುದು ಸೇರಲಿಲ್ಲ. ಮುಂದಿನ ಗಾಡಿ ಬೇವಿನ ಮರವನ್ನೋ ಕರೆಂಟಿನ ಕಂಬವನ್ನೋ ದಾಟಿದ ಕೂಡಲೆ “ಓಂ ನಮಃ ಶಿವಾಯ” ಎನ್ನುತ್ತಿದ್ದರು. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೂರು ಸಲ ಮುಗಿಯಬೇಕು. ಮಂಜು ಇದ್ದರೆ ಆರು ಸಲ. ಮುಗಿಯದಿದ್ದರೆ ನನ್ನ ಮೊಣಕೈಯನ್ನು ಮೆಲ್ಲಗೆ ತಟ್ಟುವರು: “ಶಿವಾಯ ಅನ್ನೂದರಾಗ ಗಿಡಾ ಬಂತು. ಹಿಂದ ಸರಿಯವ್ವಾ.”

ಹೀಗೆ ಜಾಗ ಬಿಟ್ಟು ಹೋಗುವವರನ್ನು ರಸ್ತೆ ಸುಮ್ಮನೆ ಬಿಡುವುದಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಲೈಟ್ ಮಿನುಗಿಸುತ್ತಾರೆ. ಒಮ್ಮೆ ಕಲ್ಲೋಳಿಯ ಈಚೆಗೆ ಒಬ್ಬ ತನ್ನ ಕಾರನ್ನು ಪಕ್ಕಕ್ಕೆ ತಂದು, “ಹೊಡ್ಯಾಕ ಬರಲಿಲ್ಲಂದ್ರ ಮನ್ಯಾಗ ಕುಂಡ್ರಬೇಕ್ರಿ!” ಎಂದು ಕೂಗಿ ಮುಂದೆ ನುಗ್ಗಿದ. ನಮ್ಮನ್ನೂ ಕಬ್ಬಿನ ಗಾಡಿಯನ್ನೂ ಒಟ್ಟಿಗೆ ದಾಟುವ ಅವಸರ ಅವನಿಗೆ. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಬಂತು. ಕಾರಿನವನು ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ, ನಾನು ಬಿಟ್ಟಿದ್ದ ಜಾಗದಲ್ಲಿ ಕಾರು ತೂರಿಸಿದ. ನಾನು ಬ್ರೇಕ್ ಒತ್ತಿದೆ. ಹಾಲಿನವನು ರಸ್ತೆಯ ಅಂಚಿಗೆ ಇಳಿದು ಹೇಗೋ ಉಳಿದುಕೊಂಡ.

ಅತ್ತೆ ಮುಂದಿನ ಗಾಜಿನ ಕಡೆ ನೋಡುತ್ತ, ಆ ಕಾರಿನವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಹೇಳಿದರು: “ಮನ್ಯಾಗ ಕುಂತಿದ್ದರ ನಿನಗ ಈ ಜಾಗಾ ಯಾರ ಬಿಡತಿದ್ದರೋ ತಮ್ಮಾ?”

ನಗು ಬಂತು. ಚೌಕದಿಂದ ಸ್ಟೇರಿಂಗು ಒರೆಸಿಕೊಂಡು ಮತ್ತೆ ಜಾಗ ಬಿಟ್ಟೆ.

ಬಸವರಾಜನಿಗೆ ಇದೆಲ್ಲ ಚೇಷ್ಟೆ. ರೊಟ್ಟಿ ಮುರಿಯುತ್ತ ಕೇಳುವನು: “ವೈನಿ, ಇವತ್ತ ಗೋಕಾಕ ಮುಟ್ಟಿದ್ರ್ಯೋ, ಇಲ್ಲಾ ಅರ್ಧಾ ದಾರ್ಯಾಗ ವಸ್ತಿ ಮಾಡಿದ್ರ್ಯೋ?”

“ಬಸು, ನಿನ್ನ ಟ್ರೇಲರಿಗೆ ಹಿಂದ ಒಂದ ಕೆಂಪ ರೇಡಿಯಂ ಹಚ್ಚೋ,” ಎಂದು ನಾನು ಅನೇಕ ಸಲ ಹೇಳಿದ್ದೆ. ಬೆಳಕು ಬಿದ್ದರೆ ಹೊಳೆಯುವ ಆ ಪಟ್ಟಿ ದೊಡ್ಡ ಖರ್ಚಿನದೇನಲ್ಲ.

“ಮನಿಯಷ್ಟ ದೊಡ್ಡ ಗಾಡಿ ಕಾಣದವರಿಗಿ ರೇಡಿಯಂ ಕಾಣತೈತೇನ್ರಿ?” ಎಂದು ನಕ್ಕು ಎದ್ದು ಹೋಗುತ್ತಿದ್ದ. ಅವನು ಕೆಟ್ಟವನಲ್ಲ. ತಾಯಿಯ ಕಾಲು ಊದಿದರೆ ಟ್ರ್ಯಾಕ್ಟರ್ ನಿಲ್ಲಿಸಿ ಬಂದು ಒತ್ತುವವನು. ಆದರೆ ರಸ್ತೆ ಎನ್ನುವುದು ತನ್ನ ಹೊಲದ ಬದುವಿನ ಹಾಗೆ ಎಂದು ತಿಳಿದಿದ್ದ.

ಸಂಕ್ರಾಂತಿಗೆ ಮುಂಚೆ ಮಂಜು ಬಿತ್ತು. ಕಾಲುವೆ ನೀರು ಬಿಟ್ಟಿದ್ದರಿಂದ ಹೊಲಗಳೆಲ್ಲ ತೊಯ್ದು, ಬೆಳಗಿನ ಜಾವ ರಸ್ತೆಯೇ ಕಾಣದಂತಾಗುತ್ತಿತ್ತು. ಅಂದು ಆಸ್ಪತ್ರೆಯಲ್ಲಿ ನಮ್ಮದು ಬೆಳಗಿನ ಪಾಳಿ. ತಡವಾದರೆ ಮಷಿನ್ನು ಬೇರೆಯವರಿಗೆ ಹೋಗುತ್ತದೆ. ಹಿಂದಿನ ಪಾಳಿ ತಪ್ಪಿದ್ದರಿಂದ ಅತ್ತೆಯ ಮುಖ ಊದಿಕೊಂಡಿತ್ತು, ಉಸಿರು ಭಾರವಾಗಿತ್ತು. ಒಂದು ಕಡೆ ಅವರ ಉಸಿರಿನ ಸದ್ದು, ಇನ್ನೊಂದು ಕಡೆ ಮುಂದೆ ಏನೂ ಕಾಣದ ಬಿಳುಪು. ಬೇಗ ಹೋಗಬೇಕು, ಬೇಗ ಹೋಗಬಾರದು. ನಾನು ಎರಡನೇ ಗೇರಿನಲ್ಲೇ, ರಸ್ತೆಯ ಅಂಚಿನ ಬಿಳಿ ಗೆರೆಯನ್ನು ನೋಡುತ್ತ ಹೋಗುತ್ತಿದ್ದೆ. ಎಣಿಸಲು ಮುಂದೆ ಗಾಡಿಯೂ ಕಾಣಿಸುತ್ತಿರಲಿಲ್ಲ, ಮರವೂ ಕಾಣಿಸುತ್ತಿರಲಿಲ್ಲ.

“ಇನ್ನೂ ಸಾವಕಾಶ,” ಎಂದರು ಅತ್ತೆ.

“ತಡಾ ಆಗತೈತಿರಿ ಅತ್ತಿ.”

“ಆಗಲಿ.”

ಕಲ್ಲೋಳಿ ದಾಟಿ ಕಾಲುವೆಯ ಬಾಜೂ ಬರುತ್ತಿದ್ದೆವು. ಬಿಳುಪಿನೊಳಗೆ ಒಮ್ಮೆಲೇ ಒಣಗಿದ ಸೋಗೆಯ ತುದಿಗಳು ಕಂಡವು. ಬ್ರೇಕ್ ಒತ್ತಿದೆ. ಕಾರು ನಿಂತಾಗ ಆ ಸೋಗೆ ಬಾನೆಟ್ಟನ್ನು ಮುಟ್ಟಿ ಸರಬರ ಎಂದಿತು. ರಸ್ತೆಯ ಮೇಲೆಯೇ ಕಬ್ಬು ತುಂಬಿದ ಒಂದು ಟ್ರೇಲರು ನಿಂತಿತ್ತು. ಮುಂದೆ ಟ್ರ್ಯಾಕ್ಟರ್ ಇಲ್ಲ, ದೀಪ ಇಲ್ಲ, ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಎಡಗಡೆಯ ಗಾಲಿ ಕಳಚಿ ಟ್ರೇಲರು ವಾಲಿಕೊಂಡಿತ್ತು. ಗುರುತಿಗೆಂದು ಹಿಂದೆ ಇಟ್ಟಿದ್ದ ಎರಡು ಕಲ್ಲುಗಳು ಟ್ರೇಲರಿಗೇ ಅಂಟಿಕೊಂಡಂತೆ ಇದ್ದವು.

ನಿಂತೆನೆಂದು ಉಸಿರು ಬಿಡುವಷ್ಟರಲ್ಲೇ ಇನ್ನೊಂದು ಭಯ ಹುಟ್ಟಿತು. ನಾವೀಗ ಮಂಜಿನಲ್ಲಿ ರಸ್ತೆಯ ಮೇಲೆ ನಿಂತಿದ್ದೇವೆ, ಹಿಂದಿನಿಂದ ಬರುವವರಿಗೆ ನಾವೂ ಕಾಣುವುದಿಲ್ಲ. ಹಿಂದಕ್ಕೆ ತೆಗೆದುಕೊಂಡು ಕಾರನ್ನು ಎಡಕ್ಕೆ, ಹೊಲದ ದಾರಿಗೆ ಇಳಿಸಿದೆ. ಮಿನುಗುವ ದೀಪ ಹಾಕಿದೆ. ಇಳಿದು ಟ್ರೇಲರಿನ ಹಿಂಬದಿಗೆ ಹೋಗಿ ಸೋಗೆ ಸರಿಸಿದೆ. ಧೂಳಿನ ಕೆಳಗೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಅಕ್ಷತಾ.

ನನ್ನ ಮಗಳ ಹೆಸರು. ಅದರ ಹಿಂದಿನ ಹಂಗಾಮಿನಲ್ಲಿ ಬಸವರಾಜ ಪ್ರೀತಿಯಿಂದ ಬರೆಸಿದ್ದು.

ಗಾಲಿ ಹೋದ ಟ್ರೇಲರನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಎಳೆದುಕೊಂಡು ಕಾರ್ಖಾನೆಗೆ ಹೋಗಿದ್ದಾನೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೋನ್ ಹಚ್ಚಿದೆ. ಎತ್ತಲಿಲ್ಲ. ತಿರುಗಿ ನೋಡಿದರೆ ಅತ್ತೆ ಕಾರಿನಿಂದ ಇಳಿದಿದ್ದರು. ಹಿಂದಿನ ಸೀಟಿನ ಕೌದಿ ಅವರ ಕೈಯಲ್ಲಿತ್ತು. ಕೆಂಪು ಇಳಕಲ್ ಸೀರೆಯ ತುಂಡುಗಳನ್ನು ಹಚ್ಚಿ ಹೊಲಿದ ಕೌದಿ.

“ಎಲ್ಲಿಗ್ರಿ ಅತ್ತಿ? ಕಾರಿನ್ಯಾಗ ಕುಂಡ್ರಿ. ತಡಾ ಆಗೇತಿ, ಹೋಗೂಣು.”

“ಮೂಡಲಗಿ ಬಸ್ ಬರೂ ಹೊತ್ತಾತು,” ಎಂದರು. “ಹುಡುಗೂರು ತುಂಬಿರತಾವ.”

ಊದಿದ ಕಾಲುಗಳಲ್ಲಿ ರಸ್ತೆಯ ಅಂಚು ಹಿಡಿದು, ಬಂದ ದಿಕ್ಕಿಗೇ ಹಿಂದಕ್ಕೆ ನಡೆದರು. ನಾನು ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಅವರನ್ನು ದಾಟಿ ಇನ್ನಷ್ಟು ಹಿಂದೆ ಓಡಿದೆ. ಒಬ್ಬ ಬೈಕಿನವನು ನನ್ನ ಬೆಳಕು ಕಂಡು ನಿಧಾನಿಸಿ ಬೈಯುತ್ತ ಹೋದ. ಆಮೇಲೆ ಬಸ್ಸಿನ ಸದ್ದು ಕೇಳಿತು. ಮಂಜಿನಲ್ಲಿ ಎರಡು ಹಳದಿ ಚುಕ್ಕೆಗಳು ದೊಡ್ಡದಾಗುತ್ತ ಬಂದವು. ಕೈ ಬೀಸಿದೆ, ಕೂಗಿದೆ. ಬಸ್ಸು ನನ್ನನ್ನು ದಾಟಿಯೇ ಹೋಯಿತು. ಡ್ರೈವರು ನನ್ನನ್ನು ಬಸ್ಸಿಗೆ ಕೈ ಮಾಡುವ ಪ್ರಯಾಣಿಕಳೆಂದು ತಿಳಿದಿರಬೇಕು. ಮುಂದೆ ಅತ್ತೆ ಇದ್ದರು.

ಬ್ರೇಕಿನ ಕಿರುಚಾಟ ಕೇಳಿತು. ಆಮೇಲೆ ಏನೂ ಇಲ್ಲ. ನಾನು ಓಡಿದೆ. ಬಸ್ಸು ಟ್ರೇಲರಿಗೆ ಒಂದು ಮಾರು ದೂರದಲ್ಲಿ ಓರೆಯಾಗಿ ನಿಂತಿತ್ತು. ಅತ್ತೆ ಅಂಚಿನ ಹುಲ್ಲಿನ ಮೇಲೆ, ಎರಡೂ ಕೈಯಲ್ಲಿ ಕೌದಿಯನ್ನು ಹರವಿ ಎತ್ತಿ ಹಿಡಿದು ಹಾಗೆಯೇ ನಿಂತಿದ್ದರು. ಕೈ ಇಳಿಸಿರಲಿಲ್ಲ.

ಬಸ್ಸಿನೊಳಗೆ ಅರಭಾವಿಯ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಸೀಟಿನ ಕಂಬಿ ಹಿಡಿದು ಬೆಪ್ಪಾಗಿ ಕೂತಿದ್ದರು. ಡ್ರೈವರು ಇಳಿದು ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

“ಯಾರದರಿ ಇದು? ಹಿಂಗ ನಟ್ಟ ನಡುವ ಬಿಟ್ಟ ಹೋಗಿದಾನಲ್ಲ, ಅಂವ ಮನಿಶ್ಯಾನೋ ದನಾನೋ?”

ಅತ್ತೆ ಆಗ ಕೈ ಇಳಿಸಿದರು. “ನನ್ನ ಮಗಂದೋ ಯಪ್ಪಾ,” ಎಂದರು.

ಡ್ರೈವರು ಅವರ ಊದಿದ ಕಾಲುಗಳನ್ನು ನೋಡಿದ. “ನೀವ ಕುಂಡ್ರಿ ಯವ್ವಾ,” ಎಂದಷ್ಟೇ ಹೇಳಿದ. ಹುಡುಗರು ಇಳಿದು ಬೇಲಿಯ ಜಾಲಿ ಟೊಂಗೆ ಮುರಿದು ತಂದು ರಸ್ತೆಯಲ್ಲಿ ದೂರದವರೆಗೆ ಹಾಕಿದರು. ಎರಡೂ ಕಡೆಗೆ ನಿಂತು ಗಾಡಿಗಳನ್ನು ಬಿಡತೊಡಗಿದರು. ನಾನು ಅತ್ತೆಯನ್ನು ಕಾರಿನತ್ತ ಕರೆದರೆ ಅವರು ರಸ್ತೆಯಂಚಿನ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಬಸವರಾಜ ಬರುವವರೆಗೆ ಏಳುವುದಿಲ್ಲ ಎಂದರು. ಆಸ್ಪತ್ರೆಗೆ ಫೋನ್ ಮಾಡಿ ನರ್ಸಮ್ಮನ ಮುಂದೆ ಗೋಗರೆದೆ. ಎರಡನೇ ಪಾಳಿಯಲ್ಲಿ ನೋಡೋಣ ಎಂದರು. ಅತ್ತೆಯ ಉಸಿರು ಶಿಳ್ಳೆ ಹೊಡೆದಂತೆ ಕೇಳುತ್ತಿತ್ತು.

ಬಸವರಾಜ ಫಿಟ್ಟರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಜನ, ಬಸ್ಸು, ನಮ್ಮ ಕಾರು, ಕಲ್ಲಿನ ಮೇಲೆ ತಾಯಿ. ಎಲ್ಲವನ್ನೂ ಒಮ್ಮೆ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು:

“ಕೂಸಿನ ಹೆಸರ ಬರಸಿ ಕತ್ತಲ್ಯಾಗ ಬಿಟ್ಟ ಹೋಗೀದಿ. ಒಂದೋ ದೀಪಾ ಹಚ್ಚು, ಇಲ್ಲಾ ಹೆಸರ ಅಳಸು.”

ಇಷ್ಟೇ. ಎದ್ದು ಬಂದು ಕಾರಿನಲ್ಲಿ ಕೂತರು. ಎರಡನೇ ಪಾಳಿಯ ಹೊತ್ತಿಗೆ ಗೋಕಾಕ ಮುಟ್ಟಿದೆವು. ಮಷಿನ್ ಸಿಕ್ಕಿತು. ರಕ್ತ ಕೊಳವೆಯಲ್ಲಿ ಹರಿಯತೊಡಗಿದ ಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕೂತು ಚೌಕದಲ್ಲಿ ಮುಖ ಮುಚ್ಚಿಕೊಂಡೆ.

ಬಸವರಾಜ ಅಂದೇ ಎರಡೂ ಟ್ರೇಲರಿಗೆ ಉದ್ದಕ್ಕೂ ರೇಡಿಯಂ ಹಚ್ಚಿದ. ಸೋಗೆ ಮುಚ್ಚದಷ್ಟು ಕೆಳಗೆ ಕೆಂಪು ದೀಪವನ್ನೂ ಕಟ್ಟಿಸಿದ. ಊರಿನ ಇನ್ನೂ ಕೆಲವರು ಅವನನ್ನು ನೋಡಿ ಹಚ್ಚಿಸಿದರು. ಅಷ್ಟಕ್ಕೆ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದೀಪ ಬಂತು, ಓಟ ತಗ್ಗಲಿಲ್ಲ. ಕಬ್ಬು ಒಣಗಿದರೆ ತೂಕ ಇಳಿಯುತ್ತದೆ, ಕಾರ್ಖಾನೆಯ ಮುಂದೆ ಪಾಳಿ ತಪ್ಪುತ್ತದೆ. ಅವನು ಅದೇ ಹಾಡು, ಅದೇ ಅವಸರದಲ್ಲಿ ನಮ್ಮನ್ನು ದಾಟಿ ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದೆ. ದಾಟುವಾಗ ಕೈ ಎತ್ತಿ ನಗುವನು. ನಾನು ಕಾರನ್ನು ಇನ್ನಷ್ಟು ಅಂಚಿಗೆ ಸರಿಸುತ್ತಿದ್ದೆ.

ಅತ್ತೆ ಆಮೇಲೆ ಇನ್ನೆರಡು ಹಂಗಾಮು ಬದುಕಿದರು. ತಮ್ಮ ಮನೆಯಲ್ಲಿ, ತಮ್ಮ ಹಾಸಿಗೆಯಲ್ಲಿ, ದೊಡ್ಡ ಮಗ ರಜೆಗೆ ಬಂದಿದ್ದಾಗ ಹೋದರು. ನನಗೆ ಆ ಸಮಾಧಾನ ಉಂಟು. ಆದರೆ ಆ ವರ್ಷದ ಮಾತು ಮುಗಿಯುವುದು ಹಂಗಾಮಿನ ಕೊನೆಯ ವಾರಗಳ ಒಂದು ಸಂಜೆಯಲ್ಲಿ.

ಅಂದು ನನಗೆ ಜ್ವರ. ತಲೆ ಎತ್ತಲಾಗುತ್ತಿರಲಿಲ್ಲ. ಬೇರೆ ದಾರಿಯಿಲ್ಲದೆ ಬಸವರಾಜನೇ ಟ್ರ್ಯಾಕ್ಟರ್ ಬಿಟ್ಟು ತಾಯಿಯನ್ನು ಗೋಕಾಕಕ್ಕೆ ಕರೆದೊಯ್ದ. ಕಾರು ಅಂಗಳ ದಾಟುವಾಗಲೇ ಅದರ ವೇಗ ನೋಡಿ ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಮಧ್ಯಾಹ್ನ ಕಳೆಯಿತು. ಬರುವ ಹೊತ್ತು ಮೀರಿತು. ಫೋನ್ ಮಾಡಿದರೆ ಬಂದಾಗಿದೆ. ಕಾರು ನಾನೇ ನಡೆಸುವಾಗ ಹೆದರಿಕೆಗೆ ಕೈಕಾಲಿನ ಕೆಲಸವಾದರೂ ಇರುತ್ತಿತ್ತು. ಅಂದು ಅದೂ ಇರಲಿಲ್ಲ. ಇನ್ನೊಂದು ಕೌದಿ ಹೊದ್ದು ಕಟ್ಟೆಯ ಮೇಲೆ ಕೂತು, ರಸ್ತೆಯ ಪ್ರತಿಯೊಂದು ತಿರುವಿನಲ್ಲೂ ಅವರನ್ನು ಒಂದೊಂದು ಸಲ ಸಾಯಿಸಿ ಒಂದೊಂದು ಸಲ ಉಳಿಸಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಕಾರು ಬಂತು. ನಾನು ತರುವುದಕ್ಕಿಂತಲೂ ನಿಧಾನವಾಗಿ, ಮಿನುಗುವ ದೀಪ ಹಾಕಿಕೊಂಡೇ ಅಂಗಳಕ್ಕೆ ಬಂದು ನಿಂತಿತು. ಬಲಗಡೆಯ ಕನ್ನಡಿ ಇರಲಿಲ್ಲ. ಬಾಗಿಲಿನ ಮೇಲೆ ಉದ್ದಕ್ಕೆ ಕಬ್ಬು ಗೀರಿದ ಗುರುತು. ಬಸವರಾಜ ತಾಯಿಯನ್ನು ಇಳಿಸಿ, ತೋಳು ಹಿಡಿದು ಒಳಗೆ ಮಲಗಿಸಿ ಬಂದ. ಕಟ್ಟೆಯ ಮೇಲೆ ನನ್ನಿಂದ ದೂರ ಕೂತ.

“ಗುರ್ಲಾಪುರ ಕ್ರಾಸಿನ್ಯಾಗರಿ ವೈನಿ,” ಎಂದ. “ಕಬ್ಬಿನ ಗಾಡಿ. ಹಿಂದಿನ ಟ್ರೇಲರ್ ಬಾಲಾ ಬೀಸಿದಂಗ ಮೈಮ್ಯಾಲ ಬಂತು. ಗಾಲಿ ನನ್ನ ತಲಿಗಿಂತ ಎತ್ತರ. ರೋಡ ಕೆಳಗ ಇಳಿಸಿದ್ನಿ, ಅದಕ್ಕ ಉಳದ್ವಿ.”

“ಯಾರ ಗಾಡಿ?”

“ನಮ್ಮ ಗೆಳ್ಯಾಂದ. ಅಂವಗ ಗೊತ್ತ ಆಗಲಿಲ್ಲರಿ. ಕೈ ಎತ್ತಿ ನಕ್ಕೋತ ಹೋದ.” ಕನ್ನಡಿ ಇಲ್ಲದ ಕಾರಿನ ಕಡೆ ನೋಡುತ್ತ ಮುಂದುವರಿಸಿದ: “ಟ್ರ್ಯಾಕ್ಟರ್ ಮ್ಯಾಲ ಕುಂತರ ಈ ಕಾರು ಇರುವಿ ಕಂಡಂಗ ಕಾಣತಾವರಿ. ಇವತ್ತ ನಾ ಇರುವಿ ಆಗಿದ್ನಿ. ಬಾಜೂಕ ಅವ್ವ ಇದ್ದಳು.”

ಅವನು ಕಿಸೆಯಿಂದ ಫೋನ್ ತೆಗೆದು ಚಾಲೂ ಮಾಡಿದ. ಕೂಡಲೆ ಅದು ರಿಂಗಾಯಿತು. ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಗಾಡಿ ತುಂಬಿ ಮಧ್ಯಾಹ್ನದಿಂದ ನಿಂತಿದೆ, ಕಬ್ಬು ಒಣಗುತ್ತಿದೆ, ಈಗಿಂದೀಗಲೇ ಬಾ ಎನ್ನುತ್ತಿದ್ದ.

ಬಸವರಾಜ ಕತ್ತಲಾಗುತ್ತಿದ್ದ ರಸ್ತೆಯ ಕಡೆ ನೋಡಿದ.

“ಬೆಳಕ ಹರೀಲಿ, ಬರತೇನಿ,” ಎಂದ.

ಆ ಕಡೆಯಿಂದ ಬೈಗಳ ಸುರಿಮಳೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಅದೇ ಮಾತನ್ನು ಇನ್ನೊಮ್ಮೆ ಹೇಳಿ ಫೋನ್ ಇಟ್ಟ. ಒಳಗಿನಿಂದ ಅತ್ತೆಯ ದನಿ ಬಂತು:

“ಬಸೂ, ಚಾ ಇಡೋ. ನಿಮ್ಮ ವೈನಿಗಿ ಒಂದ ಕಪ್ಪು, ನನಗ ಅರ್ಧಾ.”

ಅವನು ಎದ್ದು ಒಲೆಯ ಕಡೆಗೆ ಹೋದ.